ಧಣಿ ಕಟ್ಟಿದ ಚಂದಾ

ಕಂಟೋನ್ಮೆಂಟಿನ ರಾಜೇಸಾಬರ ಮನೆಯಲ್ಲಿ ನಲ್ಲಿ ನೀರು ಬರುವ ದಿನದ ಮೊದಲ ಜಗಳ ಪೇಪರಿನ ಮೇಲೇ ಆಗಬೇಕು. ಅವರು ಕೆಂಪು ಪೆನ್ನು ಹಿಡಿದು ಪೇಪರ್ ಮುಂದೆ ಕೂರುವುದು, ನಲ್ಲಿ ಬಂತು ಕೊಡ ಹಿಡಿಯಿರಿ ಎಂದು ಹೆಂಡತಿ ಕುಬ್ರಾಬಿ ಹಿತ್ತಲಿನಿಂದ ಕೂಗುವುದು, ಈ ಪುಟ ಮುಗಿಸಿ ಬಂದೆ ಎಂದು ಅವರು ಹೇಳುವುದು, ಅಷ್ಟರೊಳಗೆ ನಲ್ಲಿ ನಿಂತುಹೋಗುವುದು. ಬಳ್ಳಾರಿಯಂಥ ಊರಿನಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುವ ನೀರನ್ನು ಒಬ್ಬ ಮನುಷ್ಯ ಒಂದು ಕಾಮಾ ಚಿಹ್ನೆಗಾಗಿ ಬಿಟ್ಟುಕೊಡುತ್ತಾನೆಂದರೆ ಅವನ ಹೆಂಡತಿ ಎಷ್ಟು ತಾಳಿಕೊಂಡಾಳು ಹೇಳಿ.

ರಾಜೇಸಾಬರು ಬ್ರೂಸ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿದವರು. ಕೋರ್ಟಿನ ನೋಟೀಸು, ಟೆಂಡರು, ಮದುವೆ ಕಾರ್ಡು, ಕನ್ನಡ, ಇಂಗ್ಲಿಷು, ಎಲ್ಲವೂ ಅವರ ಪೆನ್ನಿನ ಕೆಳಗೇ ಹಾದುಹೋಗುತ್ತಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜಮೀನಿನ ಸರ್ವೆ ನಂಬರನ್ನು ಸ್ವಂತ ಬುದ್ಧಿಯಿಂದ ತಿದ್ದಿ ಮಾಲೀಕರ ಕೈಲಿ ಚೆನ್ನಾಗಿ ಉಗಿಸಿಕೊಂಡಿದ್ದರು. ಅಂದಿನಿಂದ ಅವರದೊಂದು ನೇಮ. ಯಾವ ಸಂಗತಿ ತಿದ್ದಿದರೂ ಪಕ್ಕದ ಅಂಚಿನಲ್ಲಿ ಆಧಾರ ಬರೆಯಬೇಕು: ಯಾರು ಹೇಳಿದರು, ಅವರು ಯಾವ ಊರು, ಏನು ಕೆಲಸ. ನಿವೃತ್ತರಾದ ಮೇಲೆ ಆ ನೇಮ ಮನೆಗೆ ಬರುವ ಪೇಪರಿಗೆ ಅಂಟಿಕೊಂಡಿತು. ತಿದ್ದಿದ ಪೇಪರನ್ನು ಯಾರೂ ಓದುತ್ತಿರಲಿಲ್ಲ, ಕುಬ್ರಾಬಿ ಅದರಲ್ಲಿ ರೊಟ್ಟಿ ಸುತ್ತುತ್ತಿದ್ದಳು.

ಆಮೇಲೆ ಶುಗರ್ ಬಂದು ಕಣ್ಣು ಮಂಜಾಯಿತು. ಒಂದು ವರ್ಷ ಪೇಪರ್ ನಿಂತೇಹೋಯಿತು. ತಪ್ಪು ಹುಡುಕುವ ಚಟ ಮಾತ್ರ ಎಲ್ಲಿ ಹೋಗುತ್ತದೆ? ಸೊಸೆ ಶಬನಂ ಮಾಡುವ ಮಂಡಕ್ಕಿ ಒಗ್ಗರಣೆಯಲ್ಲಿ ಹುಳಿ ಕಡಿಮೆ, ಚಹಾದಲ್ಲಿ ಶುಂಠಿ ಜಾಸ್ತಿ.

"ನಿಮ್ಮ ಅಬ್ಬಾಗ ಏನಾರ ಓದಾಕ ತಂದುಕೊಡ್ರಿ, ಇಲ್ಲಾಂದ್ರ ನಾ ಸಿರುಗುಪ್ಪಕ್ಕ ಹೋಗತೀನಿ," ಎಂದು ಶಬನಂ ಗಂಡನಿಗೆ ಹೇಳಿದಳು. ಸಿರುಗುಪ್ಪ ಅವಳ ತವರು, ನಗುತ್ತಲೇ ಹೇಳಿದ ಮಾತು ಅದು.

ಅವಳ ಗಂಡ ಅಜರುದ್ದೀನ್ ಕುರುಗೋಡು ರಸ್ತೆಯ ಒಂದು ಅದಿರಿನ ಯಾರ್ಡಿನಲ್ಲಿ ಲಾರಿಗಳಿಗೆ ಅದಿರು ಸಾಗಿಸುವ ಪರ್ಮಿಟ್ ಬರೆಯುವ ಗುಮಾಸ್ತ. ಅದು ಊರಿಗೆ ಊರೇ ಕೆಂಪು ಧೂಳಿನಲ್ಲಿ ಮಿಂದು ರೊಕ್ಕ ಎಣಿಸುತ್ತಿದ್ದ ಕಾಲ. ೨೦೧೧ರ ಜನವರಿಯಲ್ಲಿ ಯಾರ್ಡಿನ ಧಣಿ ಸಿಂಗಪುರಕ್ಕೆ ಹೋಗಿ ಬಂದು ನೌಕರರಿಗೆಲ್ಲ ಏನೇನೋ ಹಂಚಿದರು. ಯಾರಿಗೂ ಬೇಡವಾದ ಒಂದು ಓದುವ ಯಂತ್ರ ಉಳಿದಿತ್ತು. ಪಾಟಿಯಷ್ಟು ಅಗಲ, ಅದಕ್ಕಿಂತ ತೆಳುವು. ನನ್ನ ತಂದೆಗೆ ಕಣ್ಣು ಸರಿಯಿಲ್ಲ ಎಂದು ಅಜರುದ್ದೀನ್ ಬಾಯಿಬಿಟ್ಟ. ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತೆ, ತಗೊಂಡು ಹೋಗು ಎಂದರು ಧಣಿ. ತಮ್ಮ ಕಾರ್ಡಿನಿಂದಲೇ ಒಂದು ಇಂಗ್ಲಿಷ್ ದಿನಪತ್ರಿಕೆಯ ಚಂದಾ ಕೂಡ ಕಟ್ಟಿಸಿದರು. ಅದರಲ್ಲಿ ಕನ್ನಡ ಬರುತ್ತಿರಲಿಲ್ಲ, ಬರೀ ಚೌಕ ಚೌಕ ಕಾಣುತ್ತಿತ್ತು.

ಬೆಳಿಗ್ಗೆ ಐದಕ್ಕೆ ರಾಜೇಸಾಬರು ಏಳುವಷ್ಟರಲ್ಲಿ ಪೇಪರು ತಾನಾಗಿ ಬಂದು ಅದರೊಳಗೆ ಕೂತಿರುತ್ತಿತ್ತು. ತಂತಿಯಿಲ್ಲ, ಸೈಕಲ್ಲಿಲ್ಲ, ಮಳೆಗೆ ನೆನೆಯುವುದಿಲ್ಲ. ಅವರು ಒಂದೊಂದು ಅಕ್ಷರವನ್ನೂ ಕಡಲೆಬೀಜದಷ್ಟು ದೊಡ್ಡದು ಮಾಡಿಕೊಂಡು ಓದಿ, ಮೊದಲ ದಿನ ಅತ್ತೇಬಿಟ್ಟರು. ಮೊಮ್ಮಗಳು ಮುನ್ನಿ ಆರನೇ ಕ್ಲಾಸು. ಆ ಯಂತ್ರದ ಕೆಳಗಿನ ಪುಟ್ಟ ಗುಂಡಿಗಳನ್ನು ಒತ್ತಿ ಸಾಲಿನ ಪಕ್ಕ ಟಿಪ್ಪಣಿ ಬರೆಯಬಹುದೆಂದು ಎರಡೇ ದಿನದಲ್ಲಿ ಕಂಡುಹಿಡಿದು ತಾತನಿಗೆ ಕಲಿಸಿದವಳು ಅವಳೇ.

ಒಂದೇ ತೊಂದರೆ. ಅದರ ಪ್ಲಗ್ಗು ಈ ಮನೆಯ ಯಾವ ತೂತಿಗೂ ಹೋಗುತ್ತಿರಲಿಲ್ಲ, ಹೋದರೂ ಕಂಟೋನ್ಮೆಂಟಿನ ಏರಿಳಿಯುವ ಕರೆಂಟಿಗೆ ಸುಟ್ಟುಹೋದರೆ ಧಣಿಗೆ ಏನು ಉತ್ತರ ಕೊಡುವುದೆಂದು ಅಜರುದ್ದೀನನಿಗೆ ಹೆದರಿಕೆ. ಹತ್ತು ದಿನಕ್ಕೊಮ್ಮೆ ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋಗಿ, ಆಫೀಸಿನ ಕಂಪ್ಯೂಟರಿಗೆ ವೈರ್ ಸಿಕ್ಕಿಸಿ, ಸಂಜೆಗೆ ಚಾರ್ಜ್ ತುಂಬಿಸಿಕೊಂಡು ತರುತ್ತಿದ್ದ.

ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಈ ಮನೆಗೆ ಒಬ್ಬ ಖಾಯಂ ಅತಿಥಿ. ಬಾದನಹಟ್ಟಿಯ ಕರಿಬಸವ. ಅಜರುದ್ದೀನನ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಈಗ ಅದೇ ಧಣಿಯ ಲಾರಿ ಓಡಿಸುವವನು. ಅವನು ಬರುತ್ತಾನೆಂದು ಕುಬ್ರಾಬಿ ಅವತ್ತು ಮಾಂಸ ಮಾಡದೆ ಪುಂಡಿಪಲ್ಲೆ, ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತಿದ್ದಳು. ಮನೆಯವರು ಇದಕ್ಕೆ ಗೊಣಗಿದರೂ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಕರಿಬಸವ ರೊಟ್ಟಿ ಮುರಿಯುತ್ತ ಕೇಳಿದ, "ತಾತ, ನಿಮ್ಮ ಮಿಷನ್ ಪೇಪರಿನಾಗ ನಮ್ಮ ಸುದ್ದಿ ಏನಾರ ಬಂದೈತೇನು?"

"ಬಂದೈತಲ್ಲಪ್ಪ. ಅದಿರಿನ ಕಳ್ಳಸಾಗಣೆ ನೋಡಾಕ ತನಿಖೆಯವರು ಬಂದು ಇಳಿದಾರಂತ. ಕುರುಗೋಡು ರಸ್ತಾದಾಗ ಒಂದು ಪರ್ಮಿಟ್‌ಗೆ ಒಂದೇ ಟ್ರಿಪ್, ಎಲ್ಲಾ ಸರಿ ಐತಿ ಅಂತ ಯಾರೋ ಅಧಿಕಾರಿ ಹೇಳ್ಯಾರ."

ಕರಿಬಸವನಿಗೆ ನಗು ಬಂದು ರೊಟ್ಟಿ ನೆತ್ತಿಗೇರಿತು. "ಒಂದಾ? ಬೆಳಿಗ್ಗಿ ಕೊಟ್ಟ ಪರ್ಮಿಟ್ ಸಂಜಿಗೆ ಮೂರನೇ ಸಲ ನನ್ನ ಕೈಯಾಗ ಇರತೈತಿ ತಾತ. ಅದರ ಮಡಿಕಿ ಹರದು, ಟೇಪ್ ಹಚ್ಚಿ ಕೊಡತಾರ."

"ಉಣ್ಣಲೇ ಸುಮ್ಮ," ಎಂದ ಅಜರುದ್ದೀನ್.

"ಖರೇ ಏನೋ ಅಜ್ಜೂ?" ರಾಜೇಸಾಬರು ಮಗನ ಕಡೆ ತಿರುಗಿದರು.

"ಖರೇ ಅಬ್ಬಾ. ಟೇಪ್ ಹಚ್ಚೋನು ನಾನೇ. ಈಗ ಊಟ ಮಾಡ್ರಿ."

ಮರುದಿನ ಬೆಳಿಗ್ಗೆ ರಾಜೇಸಾಬರು ಹಿಂದಿನ ದಿನದ ಪುಟ ತೆರೆದು, ಆ ಸಾಲಿನ ಪಕ್ಕ ಬೆರಳು ಊರಿ ಊರಿ ಇಂಗ್ಲಿಷಿನಲ್ಲಿ ಬರೆದರು. ತಪ್ಪು. ಒಂದು ಪರ್ಮಿಟ್‌ಗೆ ಮೂರು ಟ್ರಿಪ್. ಆಧಾರ: ಕರಿಬಸವ, ಲಾರಿ ಚಾಲಕ, ಬಾದನಹಟ್ಟಿ.

ಪಕ್ಕದಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದ ಮುನ್ನಿ ಇಣುಕಿ ನೋಡಿದಳು. "ಅಪ್ಪಾನೂ ಹೇಳಿದ್ನಲ್ಲ ತಾತ?"

"ಒಂದು ಆಧಾರ ಸಾಕವ್ವ," ಎಂದರು ರಾಜೇಸಾಬರು.

ಮುಂದಿನ ವಾರ ಯಂತ್ರ ಚಾರ್ಜಿಗೆ ಹೋಯಿತು. ಸಂಜೆಗೆ ಬರಲಿಲ್ಲ. ಮ್ಯಾನೇಜರ್ ಸಾಹೇಬರ ಟೇಬಲ್ ಮೇಲಿದೆ, ನಾಳೆ ಕೊಡುತ್ತಾರಂತೆ ಎಂದ ಅಜರುದ್ದೀನ್. ಮರುದಿನವೂ ಬರಲಿಲ್ಲ. ಪೇಪರ್ ಇಲ್ಲದ ಎರಡು ಬೆಳಗುಗಳಲ್ಲಿ ಒಂದು ದಿನ ನಲ್ಲಿ ಬಂತು, ರಾಜೇಸಾಬರೇ ನೀರು ಹಿಡಿದರು, ಕುಬ್ರಾಬಿಗೆ ಅಷ್ಟರ ಮಟ್ಟಿಗೆ ಸಂತೋಷವಾಯಿತು.

ಭಾನುವಾರ ಮಧ್ಯಾಹ್ನ ಬಾಗಿಲ ಮುಂದೆ ಜೀಪು ನಿಂತಿತು. ಇಳಿದವನು ಯಾರ್ಡಿನ ಮ್ಯಾನೇಜರ್ ಕಾಡಸಿದ್ದಪ್ಪ. ಊರಿನ ಗೋಡೆ, ಬೇವು, ಬೀದಿನಾಯಿ ಎಲ್ಲ ಕೆಂಪಾಗಿದ್ದರೂ ಅವನ ಅಂಗಿ ಮಾತ್ರ ಹೇಗೋ ಬೆಳ್ಳಗೇ ಇರುತ್ತಿತ್ತು. ಯಂತ್ರವನ್ನು ಒಂದು ಟವಲಿನಲ್ಲಿ ಸುತ್ತಿ ತಂದಿದ್ದ.

"ಹಿರಿಯರ ಸಾಮಾನು, ನಾನೇ ಕೊಟ್ಟು ಹೋಗೋಣಂತ ಬಂದೆ," ಎಂದು ಕುರ್ಚಿಯಲ್ಲಿ ಕೂತ. ಕುಬ್ರಾಬಿ ಚಹಾ ಕೊಟ್ಟಳು. ಒಂದು ಗುಟುಕು ಕುಡಿದು, "ಎಂಥಾ ಇಂಗ್ಲಿಷ್ ರೀ ನಿಮ್ದು! ಧಣಿಗೂ ಓದಿ ತೋರಿಸಿದೆ," ಎಂದ.

"ಏನು ಓದಿದ್ರಿ?" ರಾಜೇಸಾಬರಿಗೆ ಅರ್ಥವಾಗಲಿಲ್ಲ.

"ನೀವು ಬರದದ್ದು. ವೈರ್ ಸಿಗಿಸಿದ್ರ ಇದರಾಗ ಬರದಿದ್ದೆಲ್ಲ ಕಂಪ್ಯೂಟರಿನಾಗ ಒಂದು ಫೈಲ್ ಆಗಿ ಬಂದು ನಿಂದ್ರತೈತಿ. ನಮ್ಮ ಹುಡುಗ ನೋಡಿ ಪ್ರಿಂಟ್ ತಗದುಕೊಟ್ಟ. ಹನ್ನೊಂದು ಹಾಳಿ ಆಗ್ಯಾವ." ಮತ್ತೊಂದು ಗುಟುಕು. "ಪಕ್ಕದಾಗ ಆಧಾರ ಬರೀತೀರಲ್ಲ, ಅದು ಧಣಿಗೆ ಬಾಳ ಸೇರಿತು. ಇವತ್ತಿನ ಮಂದಿ ಆಧಾರ ಇಲ್ದ ಮಾತಾಡ್ತಾರ, ಇವರು ನೋಡು ಅಂದ್ರು."

ಅಡುಗೆಮನೆಯಲ್ಲಿ ಶಬನಂ ಒಲೆ ಆರಿಸಿದ್ದು ಎಲ್ಲರಿಗೂ ಕೇಳಿಸಿತು. ಅಜರುದ್ದೀನ್ ಗೋಡೆಗೆ ಒರಗಿ ನಿಂತಿದ್ದ.

"ನನಗ ಅದೊಂದು ಹಳೇ ಚಟ ರೀ. ಇನ್ನ ಮ್ಯಾಲೆ ಬರಿಯಂಗಿಲ್ಲ," ಎಂದರು ರಾಜೇಸಾಬರು.

"ಛೇ ಛೇ, ಹಂಗ ಮಾಡಬ್ಯಾಡ್ರಿ. ಓದ್ರಿ, ಬರೀರಿ. ಹತ್ತು ದಿನಕ್ಕೊಮ್ಮೆ ನಾವೂ ಓದತೀವಿ." ಕಾಡಸಿದ್ದಪ್ಪ ಎದ್ದ. "ಕರಿಬಸವ ಶುಕ್ರವಾರ ಇಲ್ಲಿಗೆ ಊಟಕ್ಕ ಬರ್ತಾನಂತ. ಒಳ್ಳೇದು. ಮತ್ತ ಎಲ್ಲೆಲ್ಲಿ ಊಟಕ್ಕ ಹೋಗತಾನ? ತನಿಖೆಯವರ ಮನಿಗೂ ಹೋಗತಾನೋ ಏನೋ." ಬಾಗಿಲ ಬಳಿ ನಿಂತಿದ್ದ ಮುನ್ನಿಯ ತಲೆ ಸವರಿ, ಯಾವ ಸಾಲಿ, ಎಷ್ಟು ಗಂಟೆಗೆ ಬಿಡತಾರ ಎಂದು ಕೇಳಿ ಹೋದ. ಹುಡುಗಿ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು.

ಜೀಪು ಹೋದ ಮೇಲೆ ಮನೆಯಲ್ಲಿ ಬಿದ್ದ ಬೆಂಕಿ ಸಣ್ಣದಲ್ಲ.

"ಯಾರಿಗೋಸ್ಕರ ತಿದ್ದತಿದ್ರಿ ಅಬ್ಬಾ? ಯಾರು ಕೇಳಿದ್ರು ನಿಮ್ಮನ್ನ?" ಅಜರುದ್ದೀನ್ ಕೂಗಿದ. ತಂದೆಯ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು.

"ಸುಳ್ಳು ಅಚ್ಚಾಗಿತ್ತಪ್ಪ."

"ಆಗಲಿ! ನೀವೇನು ಆ ಪೇಪರಿನ ಮಾಲೀಕರೇನು?"

"ನಾನು ಮುನ್ನೀನ ಕರಕೊಂಡು ಸಿರುಗುಪ್ಪಕ್ಕ ಹೋಗತೀನಿ," ಎಂದಳು ಶಬನಂ. ಈ ಸಲ ನಗಲಿಲ್ಲ. "ಅವ ಸಾಲಿ ಬಿಡೋ ಹೊತ್ತು ಕೇಳಿದ. ನನಗ ಮತ್ತೇನೂ ತಿಳಿಯೋದು ಬ್ಯಾಡ."

ಮರುದಿನದ ಬಸ್ಸಿಗೆ ತಾಯಿ ಮಗಳು ಹೊರಟೇಹೋದರು. ಅವರ ಬಟ್ಟೆಯಿಲ್ಲದ ಹಗ್ಗವನ್ನು ನೋಡುತ್ತ ಕುಬ್ರಾಬಿ ಗಂಡನ ಎದುರು ಕೂತಳು. ಬಹಳ ಹೊತ್ತು ಅವರೆಕಾಯಿ ಬಿಡಿಸಿದಳು. ಆಮೇಲೆ ಕೇಳಿದಳು.

"ಅವತ್ತು ನಿಮ್ಮ ಮಗನೂ ಹೇಳಿದ್ದ. ಟೇಪ್ ಹಚ್ಚೋನು ನಾನೇ ಅಂದಿದ್ದ. ಆಧಾರ ಅಂತ ಅವನ ಹೆಸರು ಯಾಕ ಬರೀಲಿಲ್ಲ?"

ರಾಜೇಸಾಬರು ಮೊರದಿಂದ ಒಂದು ಕಾಯಿ ಎತ್ತಿಕೊಂಡು ಬಿಡಿಸತೊಡಗಿದರು.

"ಭಯ ಇತ್ತು ಅಂದಂಗಾತು. ನಿಮ್ಮ ಮಗಗ ಆಗಬಾರದ್ದು ಬ್ಯಾರೆಯವರ ಮಗಗ ಆಗಬಹುದೇನು?"

"ಯಾರೂ ಓದಂಗಿಲ್ಲ ಅಂತ ತಿಳಿದಿದ್ದೆ ಕುಬ್ರಾ."

"ಯಾರೂ ಓದಂಗಿಲ್ಲ ಅಂದಿದ್ರ ಇಬ್ಬರ ಹೆಸರೂ ಬರೀತಿದ್ರಿ."

ಮುದುಕನಿಗೆ ನಾಚಿಕೆಯಾಯಿತು. ಎಪ್ಪತ್ತು ವರ್ಷದಲ್ಲಿ ಅಷ್ಟು ನಾಚಿಕೆ ಅವರಿಗೆ ಎಂದೂ ಆಗಿರಲಿಲ್ಲ. ಆದರೂ ಬೆಳಿಗ್ಗೆ ಐದಕ್ಕೆ ಪೇಪರು ಬಂದಿತ್ತು. ಏನೂ ಬರೆಯದಿದ್ದರೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡಾರು, ಬರೆದರೆ ಮತ್ತೇನು ಗತಿಯೋ. ತಂದೆ ಮಗ ಕೂತು ಯೋಚಿಸಿ, ಬರೀ ಸ್ಪೆಲ್ಲಿಂಗ್ ತಪ್ಪುಗಳನ್ನಷ್ಟೇ ತಿದ್ದುವುದೆಂದು ತೀರ್ಮಾನಿಸಿದರು. ಕ್ರಿಕೆಟ್ ಪುಟದಲ್ಲಿ ಎರಡು, ಹವಾಮಾನದಲ್ಲಿ ಒಂದು.

ಮುಂದಿನ ಶುಕ್ರವಾರ ಕರಿಬಸವ ಎಂದಿನಂತೆ ಬಂದ. ಬರುವಾಗಲೇ ಕುರುಗೋಡಿನಿಂದ ಒಂದು ಕಿಲೋ ಪೇಡಾ ತಂದಿದ್ದ.

"ನಮಗ ದೊಡ್ಡ ಲೈನ್ ಸಿಕ್ಕೈತಿ ತಾತ! ನಾಳಿಂದ ಘಾಟ್ ಇಳಿದು ಬಂದರಿಗೆ. ಭತ್ಯೆ ಡಬಲ್. ಮ್ಯಾನೇಜರ್ ಸಾಹೇಬ್ರು ತಾವಾಗೇ ಕರದು ಕೊಟ್ರು, ನಿನ್ನಂಥವ ಇಲ್ಲೇ ಯಾಕ ಸುತ್ತಬೇಕು ಅಂದ್ರು."

"ಯಾವ ಗಾಡಿ?" ಅಜರುದ್ದೀನನ ಕೈ ತಟ್ಟೆಯಲ್ಲೇ ನಿಂತಿತು.

"ಆ ಹಳೇ ಹನ್ನೆರಡು ನಂಬರ್. ಬ್ರೇಕ್ ಸ್ವಲ್ಪ ಮೆತ್ತಗ ಐತಿ. ಹೋಗತಾ ಮಾಡಿಸ್ಕೋ ಅಂದಾರ."

ಕುಬ್ರಾಬಿ ಗಂಡನನ್ನು ನೋಡಿದಳು. ರಾಜೇಸಾಬರು ಬಾಯಿ ತೆರೆದರು. "ಕರಿಬಸವ, ನೀನು ಆ ಲೈನಿಗೆ ಹೋಗಬ್ಯಾಡಪ್ಪ."

"ಯಾಕ ತಾತ?"

ಅಜರುದ್ದೀನ್ ತಂದೆಯ ಕಡೆ ನೋಡಿ ಬೇಡವೆಂದು ಮೆಲ್ಲಗೆ ತಲೆಯಾಡಿಸಿದ. ಹೇಳಿದರೆ ಕರಿಬಸವ ನೇರ ಮ್ಯಾನೇಜರ್ ಹತ್ತಿರ ಹೋಗಿ ಕೇಳುವ ಮನುಷ್ಯ. ಆಮೇಲೆ ಹೇಳಿದವರು ಯಾರು ಎಂದು ಯಾರೂ ಹುಡುಕಬೇಕಾಗುವುದಿಲ್ಲ.

"ಘಾಟ್ ರಸ್ತಾ ಚಲೋ ಇಲ್ಲ. ಅದಕ ಅಂದೆ," ಎಂದರು ರಾಜೇಸಾಬರು.

"ಹದಿನೈದು ವರ್ಷದ ಡ್ರೈವರ್ ಅದೀನಿ ತಾತ, ಹೆದರಬ್ಯಾಡ್ರಿ," ಎಂದು ಕರಿಬಸವ ಇನ್ನೊಂದು ರೊಟ್ಟಿ ಕೇಳಿದ. ಕುಬ್ರಾಬಿ ಕೊಟ್ಟಳು. ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತು ಅತ್ತಳು, ಅವನಿಗೆ ಕೇಳಿಸದ ಹಾಗೆ.

ನಾಲ್ಕನೆಯ ಟ್ರಿಪ್ಪಿನಲ್ಲಿ ಅವನು ಹೋದ. ಮನೆಗೆ ಫೋನು ಬರುವ ಮೊದಲೇ ಬೆಳಗಿನ ಪೇಪರಿನ ಒಳಪುಟದಲ್ಲಿ ಮೂರು ಸಾಲು ಬಂದಿತ್ತು. ಘಾಟಿನ ತಿರುವಿನಲ್ಲಿ ಅದಿರಿನ ಲಾರಿ ಕಂದಕಕ್ಕೆ ಉರುಳಿ ಚಾಲಕ ಸಾವು, ಅತಿವೇಗವೇ ಕಾರಣವೆಂದು ಶಂಕೆ. ರಾಜೇಸಾಬರು ಅಕ್ಷರಗಳನ್ನು ಮತ್ತೂ ದೊಡ್ಡದು ಮಾಡಿದರು. ಒಂದು ಪರದೆಗೆ ನಾಲ್ಕೇ ಪದ ಹಿಡಿಯುವಷ್ಟು ದೊಡ್ಡದು ಮಾಡಿ, ಪುಟ ತಿರುಗಿಸಿ ತಿರುಗಿಸಿ ಓದಿದರು. ಹೆಸರು ಬಂದಾಗ ಯಂತ್ರವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು.

"ಬಾದನಹಟ್ಟಿಗೆ ಹೋಗಿ ಕರಿಬಸವನ ಹೆಂಡತಿ ಕಾಲಿಗೆ ಬಿದ್ದು ಎಲ್ಲಾ ಹೇಳಿ ಬರ್ರಿ," ಎಂದಳು ಕುಬ್ರಾಬಿ. ಅವಳು ಅವತ್ತು ಒಲೆ ಹಚ್ಚಲಿಲ್ಲ.

"ಹೋಗತೀನಿ," ಎಂದರು ರಾಜೇಸಾಬರು. ಖಂಡಿತ ಹೋಗುವುದೆಂದೇ ನಿಶ್ಚಯಿಸಿದ್ದರು. ಆದರೆ ಮೂರನೆಯ ದಿನ ಬಾಗಿಲಿಗೆ ಜೀಪೇ ಬಂತು.

ಒಳಗೆ ಅಜರುದ್ದೀನ್ ಮೊದಲೇ ಕೂತಿದ್ದ. ಮುಂದಿನ ಸೀಟಿನಿಂದ ಕಾಡಸಿದ್ದಪ್ಪ ಬಾಗಿಲು ತೆರೆದ. "ಬರ್ರಿ. ಕರಿಬಸವನ ಹೆಂಡತಿಗೆ ಪರಿಹಾರದ ಪತ್ರ ಕೊಡಬೇಕಾಗೈತಿ. ಕೋರ್ಟು, ಇನ್ಶೂರೆನ್ಸು ಅಂತ ಇಂಗ್ಲಿಷಿನಾಗ ಮಾಡ್ಸೀವಿ. ನಾವು ಓದಿ ಹೇಳಿದ್ರ ಆಕಿ ನಂಬವಲ್ಲಳು. ಕಂಟೋನ್ಮೆಂಟ್ ತಾತ ಬಂದು ಓದಲಿ ಅಂತಾಳ."

ಜೀಪು ಕುರುಗೋಡು ದಾಟಿತು. ಆಮೇಲೆ ಕಾಡಸಿದ್ದಪ್ಪ ಹಿಂದಕ್ಕೆ ತಿರುಗದೆಯೇ ಹೇಳಿದ, "ಬಂದರಿನ ಲೈನಿಗೆ ಈಗ ಡ್ರೈವರ್ ಇಲ್ಲದಂಗಾಗೈತಿ. ಅಜರುದ್ದೀನಗೂ ಹೆವಿ ಲೈಸನ್ಸ್ ಐತಂತಲ್ಲ? ಧಣಿ ಕೇಳತಿದ್ರು."

"ಹಳೇದು ರೀ. ನಾ ಓಡಿಸಿ ಆರು ವರ್ಷ ಆತು," ಎಂದ ಅಜರುದ್ದೀನ್.

"ನೋಡೋಣು. ಇವತ್ತಿನ ಕೆಲಸ ಮುಗೀಲಿ."

ಬಾದನಹಟ್ಟಿಯ ಮನೆಯಲ್ಲಿ ಕರಿಬಸವನ ಹೆಂಡತಿ ಪಂಪಾವತಿ ಗೋಡೆಗೆ ಒರಗಿ ಕೂತಿದ್ದಳು. ಏಳನೇ ಕ್ಲಾಸು ಓದಿದವಳು, ಸಹಿ ಹಾಕಬಲ್ಲಳು, ಇಂಗ್ಲಿಷ್ ಬಾರದು. ರಾಜೇಸಾಬರನ್ನು ನೋಡಿದ್ದೇ ಎದ್ದು ತಂಬಿಗೆ ನೀರು ಕೊಟ್ಟು, ಫ್ಯಾನಿನ ಕೆಳಗೆ ಚಾಪೆ ಹಾಸಿದಳು. ಕಾಡಸಿದ್ದಪ್ಪ ಪತ್ರವನ್ನು ಮುದುಕರ ಕೈಗಿಟ್ಟು ಅಂಗಳಕ್ಕೆ ಹೋದ. ಅಲ್ಲಿ ಜೀಪಿನ ಪಕ್ಕ ನಿಂತಿದ್ದ ಅಜರುದ್ದೀನನ ಹೆಗಲ ಮೇಲೆ ಕೈ ಹಾಕಿ ನಿಂತ. ಬಾಗಿಲಿನಿಂದ ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು.

ಪತ್ರದ ಅಕ್ಷರಗಳು ಸಣ್ಣವಿದ್ದವು, ಯಂತ್ರದಲ್ಲಿ ಮಾಡಿದಂತೆ ಇವನ್ನು ದೊಡ್ಡದು ಮಾಡಲು ಬರುವುದಿಲ್ಲ. ರಾಜೇಸಾಬರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಸಾಲು ಓದಿದರು. ವಾಹನ ಸುಸ್ಥಿತಿಯಲ್ಲಿತ್ತು. ಚಾಲಕ ಮದ್ಯಪಾನ ಮಾಡಿದ್ದನು. ಕುಟುಂಬದವರು ಈ ಮೊತ್ತವನ್ನು ಒಪ್ಪಿ, ಮುಂದೆ ಎಲ್ಲಿಯೂ ಯಾವ ದೂರನ್ನೂ ಕೊಡತಕ್ಕದ್ದಲ್ಲ.

"ತಾತ," ಎಂದಳು ಪಂಪಾವತಿ, "ಕುಡಿದಿದ್ದ ಅಂತ ಏನಾರ ಬರದಾರೇನು ನೋಡ್ರಿ. ಊರಾಗ ಹಂಗಂತ ಮಾತು ಎಬ್ಬಿಸ್ಯಾರ. ನಮ್ಮ ಮನಿಯವರು ಒಂದು ಹನಿ ಮುಟ್ಟಿದವರಲ್ಲ, ನಿಮಗ ಗೊತ್ತೈತಿ. ಹಂಗ ಬರದಿದ್ರ ನಾ ಸಹಿ ಹಾಕಂಗಿಲ್ಲ. ಅವರ ರೊಕ್ಕ ಅವರೇ ಇಟ್ಕೊಳ್ಳಲಿ. ತನಿಖೆಯವರು ಬಂದಾರಂತಲ್ಲ, ಅವರ ಹತ್ರ ಹೋಗತೀನಿ."

ರಾಜೇಸಾಬರು ತಲೆ ಎತ್ತಿದರು. ಅಂಗಳದಲ್ಲಿ ಅಜರುದ್ದೀನ್ ಅವರನ್ನೇ ನೋಡುತ್ತಿದ್ದ. ಕಾಡಸಿದ್ದಪ್ಪ ಅವನ ಹೆಗಲ ಧೂಳನ್ನು ಮೆಲ್ಲಗೆ ಕೊಡವುತ್ತಿದ್ದ.

"ತಾತ?"

"ಇಲ್ಲವ್ವ," ಎಂದರು ರಾಜೇಸಾಬರು. "ಹಂಗೇನೂ ಬರದಿಲ್ಲ."

"ಎಲ್ಲಾ ಸರಿ ಐತಿ?"

"ಸರಿ ಐತಿ."

ಪಂಪಾವತಿ ಪೆನ್ನು ತೆಗೆದುಕೊಂಡಳು. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು, ಅವರು ಅದರ ಎರಡೂ ತುದಿ ಒತ್ತಿ ಹಿಡಿದರು. ಅವಳು ನಿಧಾನವಾಗಿ, ಒತ್ತಕ್ಷರ ಸಮೇತ, ಪೂರ್ತಿ ಹೆಸರು ಬರೆದಳು. ಬರೆದು ಮುಗಿಸಿ, "ನೀವಿಲ್ಲದಿದ್ರ ನಾ ಯಾರನ್ನ ನಂಬಬೇಕಿತ್ತು," ಎಂದು ಬಾಗಿ ಅವರ ಪಾದಕ್ಕೆ ಹಣೆ ಮುಟ್ಟಿಸಿದಳು. ಅವರಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳಲು ಆಗಲಿಲ್ಲ.

ಹೊರಗೆ ಕಾಡಸಿದ್ದಪ್ಪ ಸಹಿ ನೋಡಿ, ಪತ್ರ ಮಡಚಿ ಬಿಳಿ ಅಂಗಿಯ ಜೇಬಿಗಿಟ್ಟ. ಜೀಪಿನ ಬಾಗಿಲನ್ನು ಮುದುಕರಿಗಾಗಿ ತಾನೇ ಹಿಡಿದು ನಿಂತ.

"ಧಣಿ ನಿಮ್ಮ ಪೇಪರಿನ ಚಂದಾ ಮತ್ತ ಒಂದು ವರ್ಷಕ್ಕ ಕಟ್ಯಾರ," ಎಂದ.

"ದೊಡ್ಡ ಉಪಕಾರ ಆತ್ರಿ," ಎಂದರು ರಾಜೇಸಾಬರು, ಮಗನ ಪಕ್ಕ ಹತ್ತಿ ಕೂತರು.